ಮಳೆ ಇಲ್ಲೆ ಎನ್ನುವ ಯಂತ್ರ

ರಿಮೋಟಿಗೆ ಹಾಕುವ ಸಣ್ಣ ಸೆಲ್ಲು ನಾಲ್ಕು ಕೊಡಪ್ಪ ಎಂದು ಕೇಳಿದ್ದೇ ತಪ್ಪಾಯಿತು. ಸೆಲ್ಲು ಕೊಟ್ಟು ಸುಮ್ಮನಿರುವುದಕ್ಕೆ ವಿರಾಜಪೇಟೆಯ ಆ ಮೊಬೈಲ್ ಅಂಗಡಿಯವನಿಗೆ ಏನು ಕಷ್ಟವೋ! “ಎಂಥ ರಿಮೋಟಿಗೆ ಅಕ್ಕ?” ಎಂದ. ರಿಮೋಟಿಗಲ್ಲ ಮಾರಾಯ, ಇದಕ್ಕೆ ಎಂದು ಬ್ಯಾಗಿನಿಂದ ನನ್ನ ಅಂಗೈ ಕಂಪ್ಯೂಟರನ್ನು ತೆಗೆದು ಗಾಜಿನ ಮೇಲಿಟ್ಟೆ. ಬೆಕ್ಕು ತಂದುಹಾಕಿದ ಇಲಿಯನ್ನು ಎತ್ತುವ ಹಾಗೆ ಅವನು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಂದೆ ಮುಂದೆ ನೋಡಿದ.

“ಅಯ್ಯೋ, ಇದೆಲ್ಲ ಸ್ಟಾಪ್ ಆಗಿ ಎಷ್ಟು ಕಾಲ ಆಯ್ತಲ್ಲ ಅಕ್ಕ! ಆ ಪೆಟ್ಟಿಗೆಗೆ ಹಾಕಿಬಿಡಿ” ಎಂದು ಮೂಲೆ ತೋರಿಸಿದ. ಅಲ್ಲೊಂದು ರಟ್ಟಿನ ಪೆಟ್ಟಿಗೆ, ಮೇಲೆ ‘ಇ-ತ್ಯಾಜ್ಯ’ ಎಂದು ಬರೆದಿತ್ತು. ಒಳಗೆ ಒಡೆದ ಫೋನುಗಳು, ಬಾಲ ತುಂಡಾದ ಚಾರ್ಜರುಗಳು.

ನನಗೆ ಮೈಯೆಲ್ಲ ಉರಿದುಹೋಯಿತು. ಅವನ ಕೈಯಿಂದ ಕಿತ್ತುಕೊಂಡು, ಗುಂಡಿ ಒತ್ತಿ, ಪರದೆ ಬೆಳಗಿಸಿ ಅವನ ಮೂಗಿನ ಹತ್ತಿರ ಹಿಡಿದೆ. “ಎಲ್ಲಿ ಸ್ಟಾಪ್ ಆಗಿದೆ? ತೋರಿಸು! ನಿಂತದ್ದು ಇದನ್ನು ಮಾಡಿದ ಕಂಪನಿ. ಇದು ನಡೀತಾ ಉಂಟು.” ಅವನು ನಕ್ಕ. ನಗುವಾಗ ಪಕ್ಕದಲ್ಲಿದ್ದ ಗಿರಾಕಿಯ ಕಡೆ ನೋಡಿ ಕಣ್ಣು ಮಿಟುಕಿಸಿದ್ದೂ ನನಗೆ ಕಂಡಿತು. ಸೆಲ್ಲು ತೆಗೆದುಕೊಂಡು ಬಂದುಬಿಟ್ಟೆ. ಚಿಲ್ಲರೆ ವಾಪಸು ತೆಗೆದುಕೊಳ್ಳಲು ಮರೆತೆ, ಅದು ಬೇರೆ.

ನೀವೇ ಹೇಳಿ, ಇದು ಯಾವ ನ್ಯಾಯ? ನಮ್ಮ ಮನೆಯ ಅರೆಯುವ ಕಲ್ಲನ್ನು ಕಡೆದವನು ಸತ್ತು ಎಷ್ಟು ಕಾಲವಾಯಿತೋ ಯಾರಿಗೂ ಗೊತ್ತಿಲ್ಲ. ಅವನು ಸತ್ತ ಎಂದು ಕಲ್ಲು ಅರೆಯುವುದನ್ನು ಬಿಟ್ಟಿದೆಯೇ? ಯಾರಾದರೂ ಬಂದು ‘ಈ ಕಲ್ಲು ಸ್ಟಾಪ್ ಆಗಿದೆ, ಇನ್ನು ಇದರಲ್ಲಿ ಚಟ್ನಿ ಆಗುವುದಿಲ್ಲ’ ಎಂದರೆ ನೀವು ಅದೇ ಕಲ್ಲಿನ ಗುಂಡು ಎತ್ತಿ ತೋರಿಸುವುದಿಲ್ಲವೇ? ಕಂಪ್ಯೂಟರಿನ ವಿಷಯ ಬಂದ ಕೂಡಲೇ ಎಲ್ಲರೂ ಬಾಲ ಮುದುರಿಕೊಂಡು, ಅವರು ನಿಲ್ಲಿಸಿದರಂತೆ ಎಂದು ಒಳ್ಳೆಯ ವಸ್ತುವನ್ನು ಪೆಟ್ಟಿಗೆಗೆ ಹಾಕಿ ಬರುತ್ತಾರೆ.

ಪರಿಚಯ ಹೇಳದೆ ಜಗಳಕ್ಕೆ ನಿಂತೆ, ಬೇಸರ ಮಾಡಿಕೊಳ್ಳಬೇಡಿ. ನಾನು ಬಹಳ ವರ್ಷ ವಿರಾಜಪೇಟೆಯ ಒಂದು ಬಟ್ಟೆ ಅಂಗಡಿಯ ಮಹಡಿಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸಿದವಳು. ಮೊದಲು ಟೈಪ್‌ರೈಟಿಂಗ್ ಕಲಿಸುತ್ತಿದ್ದೆ. ಆಮೇಲೆ ಮೂರು ಕಂಪ್ಯೂಟರು ತಂದಿಟ್ಟು, ಚಪ್ಪಲಿ ಹೊರಗೆ ಬಿಡಿಸಿ, ಪ್ರೋಗ್ರಾಂ ಬರೆಯುವುದನ್ನು ಕಲಿಸಿದೆ. ಆ ಕಾಲದಲ್ಲಿ ಆಸೆಪಟ್ಟು ಕೊಂಡದ್ದು ಈ ಅಂಗೈ ಕಂಪ್ಯೂಟರ್. ಇಸ್ಪೀಟು ಕಟ್ಟಿಗಿಂತ ಸ್ವಲ್ಪ ದೊಡ್ಡದು, ಬೂದು ಬಣ್ಣದ ಪರದೆ, ಕೆಳಗೆ ನಾಲ್ಕು ಗಟ್ಟಿ ಗುಂಡಿ, ಪಕ್ಕದಲ್ಲಿ ಸಿಕ್ಕಿಸಿದ ಒಂದು ಕಡ್ಡಿ. ಆ ಕಡ್ಡಿಯಿಂದ ಪರದೆಯನ್ನು ಒತ್ತಬೇಕು. ಕಡ್ಡಿ ಕಳೆದುಹೋದರೆ ಉಗುರು ಸಾಕು, ಕಾಫಿ ಗಿಡದ ಚಿಗುರು ಕಡ್ಡಿ ಮುರಿದು ಒತ್ತಿದರೂ ಅದಕ್ಕೆ ಅಭ್ಯಂತರವಿಲ್ಲ. ಫೋನ್ ಮಾಡುವುದಿಲ್ಲ, ಫೋಟೊ ತೆಗೆಯುವುದಿಲ್ಲ, ಯಾರ ಹುಟ್ಟುಹಬ್ಬವನ್ನೂ ಕೂಗಿ ಹೇಳುವುದಿಲ್ಲ. ಬಿಸಿಲಿಗೆ ಹಿಡಿದರೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಆಮೇಲೆ ಪರಿಚಯದ ಒಬ್ಬ ಪ್ಲಾಂಟರು ಮೇಜಿನ ಡ್ರಾಯರ್ ಖಾಲಿ ಮಾಡುವಾಗ ಇಂಥದ್ದೇ ಇನ್ನೊಂದನ್ನು ನನಗೆ ಕೊಟ್ಟರು. ನಮ್ಮ ಮನೆಯವರು ಇವೆರಡಕ್ಕೆ ‘ನಿನ್ನ ಅವಳಿ ಮಕ್ಕಳು’ ಎನ್ನುತ್ತಾರೆ. ಅವರು ಶನಿವಾರಸಂತೆ ಕಡೆಯವರು, ಮಾತು ಕಡಿಮೆ, ಆಡಿದರೆ ಚುಚ್ಚುತ್ತದೆ.

ಅವಳಿಗಳಲ್ಲಿ ಒಂದು ನನ್ನ ಹತ್ತಿರವಿದೆ. ಇನ್ನೊಂದು ದೇವಕಿ ದೊಡ್ಡವ್ವನ ಹತ್ತಿರ.

ದೊಡ್ಡವ್ವ ಎಂದರೆ ನನ್ನ ಅಮ್ಮನ ಅಕ್ಕ. ವಿರಾಜಪೇಟೆಯಿಂದ ಮಾಕುಟ್ಟದ ಕಡೆ ಹೋಗುವ ದಾರಿಯಲ್ಲಿ ಬಲಕ್ಕೆ ಇಳಿದರೆ ಅವರ ತೋಟ. ಮಗ ಪ್ರಸನ್ನ, ಸೊಸೆ, ಇಬ್ಬರು ಮೊಮ್ಮಕ್ಕಳು, ಮೂರು ನಾಯಿ, ಮನೆ ತುಂಬ ಗಲಾಟೆ. ಈ ಗಲಾಟೆಯ ನಡುವೆ ದೊಡ್ಡವ್ವನದು ಒಂದೇ ಒಂದು ಅಧಿಕಾರ: ಮಳೆ. ಮದುವೆಯಾಗಿ ಬಂದ ವರ್ಷದಿಂದ ಮನೆಯ ಮುಂದಿನ ಬಯಲಲ್ಲಿ ಕಲ್ಲುಕಂಬದ ಮೇಲೆ ಕೂರಿಸಿದ ಮಳೆ ಡಬ್ಬಿಯನ್ನು ದಿನಾ ಬೆಳಿಗ್ಗೆ ಕಾಫಿಗೂ ಮೊದಲು ಹೋಗಿ ನೋಡುವುದು, ಒಳಗಿನ ನೀರನ್ನು ಗೆರೆ ಹಾಕಿದ ಗಾಜಿನ ಲೋಟಕ್ಕೆ ಹೊಯ್ದು ಅಳೆಯುವುದು, ಉದ್ದ ನೋಟ್‌ಪುಸ್ತಕದಲ್ಲಿ ಬರೆಯುವುದು. ಸುತ್ತಿನ ನಾಲ್ಕಾರು ತೋಟದವರಿಗೆ ಅವಳ ಮಾತೇ ಕೊನೆ. “ದೇವಕಿಯಕ್ಕ, ನೆನ್ನೆ ಎಷ್ಟಾಯ್ತು?” ಎಂದು ಬೇಲಿಯಾಚೆಯಿಂದ ಕೇಳುತ್ತಾರೆ. ಇವಳು ಹೇಳಿದ ಮೇಲೆ ಅದರ ಮೇಲೆ ಮಾತಿಲ್ಲ.

ನಮ್ಮಲ್ಲಿ ಮಳೆಯನ್ನು ಇಂಚು-ಸೆಂಟಿನಲ್ಲಿ ಹೇಳುವುದು. ಇಂಚಿನ ನೂರರಲ್ಲಿ ಒಂದು ಪಾಲು ಒಂದು ಸೆಂಟು. ಜಾಗವನ್ನೂ ಸೆಂಟಿನಲ್ಲೇ ಅಳೆಯುತ್ತೇವೆ, ಅದು ಎಕರೆಯ ನೂರರಲ್ಲಿ ಒಂದು. ಎರಡಕ್ಕೂ ಒಂದೇ ಹೆಸರಾದರೂ ನಮಗೆ ಯಾವತ್ತೂ ಗೊಂದಲವಾಗಿಲ್ಲ. ಗೊಂದಲವಾದದ್ದು ನಮ್ಮ ಮನೆಯವರಿಗೆ. ಮದುವೆಯಾದ ಹೊಸತರಲ್ಲಿ ಅವರನ್ನು ದೊಡ್ಡವ್ವನ ಮನೆಗೆ ಕರೆದುಕೊಂಡು ಹೋಗಿದ್ದೆ. ಕಾಫಿ ಹೂವರಳಿಸುವ ಹೂಮಳೆ ಬಿದ್ದ ಮರುದಿನ, ದೊಡ್ಡವ್ವನ ಮುಖ ಊರಗಲ. ಹೊಸ ಅಳಿಯನಿಗೆ ನೀರು ಕೊಡುವ ಮೊದಲೇ “ನೆನ್ನೆ ನಮಗೆ ನಲ್ವತ್ ಸೆಂಟ್ ಬಂದುಟ್ಟು!” ಎಂದಳು. ಇವರು ಪಾಲಿನಲ್ಲಿ ಜಾಗ ಬಂದಿದೆ ಎಂದುಕೊಂಡರು. ಬಹಳ ಗಂಭೀರವಾಗಿ, “ಸಂತೋಷ. ಗದ್ದೆಯಲ್ಲಿ ಬಂತೋ, ತೋಟದಲ್ಲಿ ಬಂತೋ?” ಎಂದು ಕೇಳಿದರು. “ಗದ್ದೆಗೂ ಬಂದುಟ್ಟು, ತೋಟಕ್ಕೂ ಬಂದುಟ್ಟು, ದೇವರ ಕಾಡಿಗೂ ಬಂದುಟ್ಟು” ಎಂದಳು ದೊಡ್ಡವ್ವ. ಎಂಥ ಆಸ್ತಿವಂತರ ಮನೆಯ ಹೆಣ್ಣು ಸಿಕ್ಕಿತಪ್ಪ ಎಂದು ಪಾಪ ಆ ದಿನವೆಲ್ಲ ಬೀಗಿದ್ದರಂತೆ.

ನನ್ನ ಗುಟ್ಟನ್ನೂ ಹೇಳಿಬಿಡುತ್ತೇನೆ. ನನಗೆ ಎಂಟು ವರ್ಷವಿದ್ದಾಗ ಬೇಸಿಗೆ ರಜೆಗೆ ಅಲ್ಲಿಗೆ ಹೋಗಿದ್ದೆ. ಹೂಮಳೆ ಬರಲಿಲ್ಲ, ಬರಲಿಲ್ಲ ಎಂದು ಮನೆಯವರೆಲ್ಲ ಮುಖ ಸಪ್ಪೆ ಮಾಡಿಕೊಂಡು ಕೂತಿದ್ದರು. ಮಳೆ ಬಂತೆಂದು ಪುಸ್ತಕದಲ್ಲಿ ಬರೆದರೆ ಎಲ್ಲರಿಗೂ ಸಂತೋಷವಾಗುತ್ತದೆ ಎಂದು ನನಗೆ ಹೊಳೆಯಿತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಚೊಂಬಿನಲ್ಲಿ ನೀರು ತಂದು ಡಬ್ಬಿಗೆ ಹೊಯ್ದೆ. ದೊಡ್ಡವ್ವ ಬಂದಳು, ಅಳೆದಳು, ಸುತ್ತಲಿನ ಒಣ ನೆಲ ನೋಡಿದಳು, ನನ್ನ ಒದ್ದೆ ಲಂಗ ನೋಡಿದಳು. ಬಯ್ಯಲಿಲ್ಲ. ನನ್ನ ಕೈಹಿಡಿದು ಪುಸ್ತಕದ ಹತ್ತಿರ ಕರೆದುಕೊಂಡು ಹೋಗಿ ಆ ದಿನದ ಸಾಲಿನಲ್ಲಿ ‘ಇಲ್ಲೆ’ ಎಂದು ಬರೆದಳು. “ಆಕಾಶ ಕೊಡದ್ದ್‌ನ ನಾ ಹೆಂಗೆ ಬರೆಯದು ಮಗಾ?” ಎಂದಳು. ಬೈದಿದ್ದರೆ ಮರೆತುಹೋಗುತ್ತಿತ್ತು.

ಈ ‘ಇಲ್ಲೆ’ ನಮ್ಮ ಅರೆಭಾಷೆಯ ಮಾತು. ಇದೆ ಎನ್ನುವುದಕ್ಕೆ ನಾವು ‘ಉಟ್ಟು’ ಎನ್ನುತ್ತೇವೆ, ಇಲ್ಲ ಎನ್ನುವುದಕ್ಕೆ ‘ಇಲ್ಲೆ’. ದೊಡ್ಡವ್ವ ಮಳೆ ಬಾರದ ದಿನ ಸೊನ್ನೆ ಹಾಕುವವಳಲ್ಲ, ಗೆರೆ ಎಳೆಯುವವಳಲ್ಲ. ಪ್ರತಿದಿನವೂ ‘ಇಲ್ಲೆ’ ಎಂದು ತುಂಬ ಬರೆಯುವುದು ಅವಳ ಕ್ರಮ. ಜನವರಿ, ಫೆಬ್ರವರಿಯ ಪುಟಗಳಲ್ಲಿ ಉದ್ದಕ್ಕೂ ಇಲ್ಲೆ, ಇಲ್ಲೆ, ಇಲ್ಲೆ.

ಕೆಲವು ವರ್ಷದ ಹಿಂದೆ ಅವಳ ಕಣ್ಣು ಮಂಜಾಗತೊಡಗಿತು. ಲೋಟದಲ್ಲಿನ ನೀರನ್ನು ಬೆಳಕಿಗೆ ಹಿಡಿದರೆ ಕಾಣುತ್ತಿತ್ತು. ಗಾಜಿನ ಮೇಲೆ ಕೊರೆದ ಗೆರೆಗಳನ್ನು ಉಗುರಿನಿಂದ ಎಣಿಸುತ್ತಿದ್ದಳು. ಪುಸ್ತಕದ ನೀಲಿ ಗೆರೆ ಮಾತ್ರ ಕಾಣುತ್ತಿರಲಿಲ್ಲ. ಒಂದು ಸಲ ಹೋದಾಗ ನಾನು ಪುಸ್ತಕ ತೆರೆದು ನೋಡಿದೆ. ಒಂದು ದಿನದ ಮೇಲೆ ಇನ್ನೊಂದು ದಿನ, ಅದರ ಮೇಲೆ ಮತ್ತೊಂದು ದಿನ. ಅಷ್ಟು ವರ್ಷದ ಚೊಕ್ಕ ಅಕ್ಷರ ಸಿಕ್ಕುಬಿದ್ದ ನೂಲಿನ ಹಾಗಾಗಿತ್ತು. ಅವಳಿಗೆ ಅದು ಗೊತ್ತಿತ್ತು. “ಇನ್ ನನ್ನ ಕೈಲಿ ಆಗದೇನೋ” ಎಂದಳು. ದೊಡ್ಡವ್ವನ ಬಾಯಿಂದ ಅಂಥ ಮಾತು ನಾನು ಕೇಳಿದ್ದು ಅದೇ ಮೊದಲು.

ಪ್ರಸನ್ನ ಕೆಟ್ಟವನಲ್ಲ. ಅವ್ವನಿಗೆ ಎಂದು ಅತಿ ದೊಡ್ಡ ಪರದೆಯ ಫೋನು ತಂದ, ಮಳೆ ಬರೆಯುವ ಆ್ಯಪು ಹಾಕಿಸಿದ. ಇಲ್ಲಿಂದ ಶುರುವಾಯಿತು ನೋಡಿ ನನ್ನ ಹೊಟ್ಟೆಯುರಿ. ಜೀವಮಾನವೆಲ್ಲ ಕಾಫಿ ಕುಯ್ದು, ಮೆಣಸು ಉದುರಿಸಿ, ಕತ್ತಿ ಹಿಡಿದು ಜಡ್ಡುಗಟ್ಟಿದ ಬೆರಳು ದೊಡ್ಡವ್ವನದು. ಆ ಬೆರಳು ಒತ್ತಿದರೆ ಫೋನು ಮಿಸುಕಾಡಲಿಲ್ಲ. ಮೊಮ್ಮಗಳು ತನ್ನ ಬೆಣ್ಣೆಯಂಥ ಬೆರಳನ್ನು ಹತ್ತಿರ ತಂದರೆ ಸಾಕು, ಕುಣಿಯುತ್ತಿತ್ತು. “ಇದ್ ನನ್ನ ಬೆರಳ್‌ನ ಬೆರಳ್ ಅಂತ ಒಪ್ಪದೇ ಇಲ್ಲೆ” ಎಂದು ದೊಡ್ಡವ್ವ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು. ನಾಚಿಕೊಂಡಳು! ದುಡಿದ ಕೈ ನಾಚಿಕೊಳ್ಳುವ ಹಾಗೆ ಮಾಡಿದ ವಸ್ತುವಿಗೆ ಎಲ್ಲರೂ ‘ಸ್ಮಾರ್ಟ್’ ಎಂದು ಹೆಸರಿಟ್ಟಿದ್ದಾರೆ!

ಬೆರಳು ಬೇಡ, ಬಾಯಲ್ಲಿ ಹೇಳಿದರೂ ಬರೆದುಕೊಳ್ಳುತ್ತದೆ ಎಂದ ಪ್ರಸನ್ನ. ಮಳೆಯಿಲ್ಲದ ದಿನ ಬೆಳಿಗ್ಗೆ ದೊಡ್ಡವ್ವ ಫೋನಿನ ಮುಂದೆ ನಿಂತು ದೇವರಿಗೆ ಹೇಳುವ ಹಾಗೆ “ಮಳೆ ಇಲ್ಲೆ” ಎಂದಳು. ಫೋನು ‘ಮಳೆ ಇಲ್ಲೇ’ ಎಂದು ಬರೆದುಕೊಂಡಿತು. ಬರೆದುಕೊಂಡು ಒಂದು ಮೋಡ, ನಾಲ್ಕು ಹನಿ ಬಿಡಿಸಿ ತೋರಿಸಿತು. ಮಳೆ ಇಲ್ಲೇ ಇದೆಯಂತೆ, ಕಾಲ ಬುಡದಲ್ಲಿ! ಆ ಫೆಬ್ರವರಿ ತಿಂಗಳೆಲ್ಲ ನಮ್ಮ ದೊಡ್ಡವ್ವನ ತೋಟದಲ್ಲಿ ಫೋನಿನ ಪ್ರಕಾರ ಜಡಿಮಳೆ. ಇದು ಸಾಲದೆಂದು ಇಂಚು ಹೇಳಿದರೆ ಮಿಲಿಮೀಟರು ಕೇಳುತ್ತಿತ್ತು, ಸೆಂಟು ಎಂದರೆ ಸೈಟಿನ ಜಾಹೀರಾತು ತೋರಿಸುತ್ತಿತ್ತು.

ಫೋನಿನ ಈ ಅವತಾರ ಕಂಡ ದಿನ ಮನೆಗೆ ಬಂದವಳೇ ಘೋಷಿಸಿದೆ: ನನ್ನ ಅಂಗೈ ಕಂಪ್ಯೂಟರಿಗೆ ಮಳೆ ಬರೆಯುವ ಹೊಸ ಪ್ರೋಗ್ರಾಂ ನಾನೇ ಬರೆಯುತ್ತೇನೆ. ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತದೆ, “ಸತ್ತ ಎಮ್ಮೆಗೆ ಹೊಸ ಹಗ್ಗ” ಎಂದರು.

ಅವರ ಮಾತು ಸುಳ್ಳಾಗಲಿಲ್ಲ ಎಂದು ಮೊದಲ ವಾರ ಅನಿಸಿತು. ಪ್ರೋಗ್ರಾಂ ಬರೆಯಲು ಬೇಕಾದ ಸಲಕರಣೆಗಳಿಗೆ ಇಂಟರ್ನೆಟ್ಟಿನಲ್ಲಿ ಕಂಪನಿಯ ಹಳೆಯ ವಿಳಾಸಕ್ಕೆ ಹೋದರೆ ಅಲ್ಲಿ ಯಾವುದೋ ಕೂದಲಿನ ಎಣ್ಣೆಯ ಅಂಗಡಿ. ಕಂಪನಿಯನ್ನು ಒಬ್ಬ ಕೊಂಡ, ಅವನನ್ನು ಇನ್ನೊಬ್ಬ ಕೊಂಡ, ಕೊನೆಗೆ ಕೊಂಡವನು ಬಾಗಿಲು ಹಾಕಿದ. ಹೋಗುವಾಗ ಪುಸ್ತಕ, ಸಲಕರಣೆ ಎಲ್ಲವನ್ನೂ ಜನರಿಗೆ ಬಿಟ್ಟುಹೋಗಿದ್ದರೆ ಇವರ ಗಂಟೇನು ಹೋಗುತ್ತಿತ್ತು? ತಾವೂ ತಿನ್ನರು, ಪರರಿಗೂ ಕೊಡರು. ಕಡೆಗೆ ನನ್ನನ್ನು ಕಾಪಾಡಿದ್ದು ನನ್ನದೇ ದುರಭ್ಯಾಸ. ನಾನು ಯಾವುದನ್ನೂ ಬಿಸಾಡುವವಳಲ್ಲ. ಕ್ಲಾಸು ಮುಚ್ಚಿದಾಗ ಕಟ್ಟಿಟ್ಟ ಗೋಣಿಯಲ್ಲಿ ಆ ಸಲಕರಣೆಯ ಸಿ.ಡಿ., ಜೋಡಿಸುವ ವಯರು, ಇಲಿ ತಿಂದ ಒಂದು ಮೂಲೆ ಬಿಟ್ಟರೆ ಪೂರ್ತಿಯಾಗಿದ್ದ ಕೈಪಿಡಿ ಎಲ್ಲ ಸಿಕ್ಕಿತು. ಹಳೆಯ ಲ್ಯಾಪ್‌ಟಾಪನ್ನು ಅಟ್ಟದಿಂದ ಇಳಿಸಿದೆ. ಅದರ ಫ್ಯಾನು ಗದ್ದೆಯ ಪಂಪಿನ ಹಾಗೆ ಕೂಗುತ್ತಿತ್ತು, ಆದರೆ ಎದ್ದಿತು.

ಯಂತ್ರಕ್ಕೆ ಕನ್ನಡ ಬಾರದು. ಅಕ್ಷರಗಳನ್ನು ಚುಕ್ಕಿ ಚುಕ್ಕಿಯಾಗಿ ಚಿತ್ರದಂತೆ ಬಿಡಿಸಿ ತುಂಬಬೇಕು. ಚೌಕುಳಿ ಕಾಗದ ತಂದು, ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು, ಬೆಳಗಿನ ತಿಂಡಿಯಾದ ಮೇಲೆ ಕೂತರೆ ಊಟದ ಹೊತ್ತಿಗೆ ಮೂರು ಅಂಕಿ ಆಗುತ್ತಿದ್ದವು. ಕೈಗೆ ಈ ಕೆಲಸ ಹೊಸದಲ್ಲ ಅನಿಸಿತು. ಯೋಚಿಸಿದರೆ, ಅದೇ ದೊಡ್ಡವ್ವ ರಜೆಯಲ್ಲಿ ಮ್ಯಾಟಿ ಬಟ್ಟೆಯ ಮೇಲೆ ನನಗೆ ಕ್ರಾಸ್ ಸ್ಟಿಚ್ ಕಲಿಸಿದ್ದಳು. ‘ಸುಸ್ವಾಗತ’ ಎಂದು ಹಾಕಲು ಹೋಗಿ ಮನೆ ಎಣಿಸುವುದು ತಪ್ಪಿ ‘ಸುಸ್ವಾಗ’ದವರೆಗೆ ಬಟ್ಟೆ ಮುಗಿದುಹೋಗಿತ್ತು. ಅದನ್ನೇ ಚೌಕಟ್ಟು ಹಾಕಿಸಿ ಅವಳು ಈಗಲೂ ಬಾಗಿಲ ಮೇಲೆ ತೂಗಿದ್ದಾಳೆ.

ಅಂತೂ ಪ್ರೋಗ್ರಾಂ ಮುಗಿಯಿತು. ಪರದೆ ತುಂಬುವಷ್ಟು ದಪ್ಪ ಅಂಕಿ, ಒಂದು ಗುಂಡಿಗೆ ಇಂಚು, ಒಂದಕ್ಕೆ ಸೆಂಟು, ಒಂದಕ್ಕೆ ‘ಇಲ್ಲ’. ಒತ್ತಿದ ದಿನ, ಹೊತ್ತು ಎರಡನ್ನೂ ಯಂತ್ರ ತಾನೇ ನೆನಪಿಡುತ್ತದೆ. ಪರೀಕ್ಷೆಯಲ್ಲಿ ಪಾಸಾದವಳ ಹಾಗೆ ಹೋಗಿ ದೊಡ್ಡವ್ವನ ಕೈಗಿಟ್ಟೆ. ಅವಳು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಅಕ್ಷರ ಕಂಡಿತು. ಕಂಡ ಕೂಡಲೇ ತಪ್ಪೂ ಕಂಡಿತು.

“ಇದ್ ಎಂತ, ಪುಸ್ತಕದ ಭಾಷೆ? ನಾ ಬರೆಯದ್ ಇಲ್ಲೆ ಅಂತ.”

ಸರಿ, ‘ಲ್ಲ’ದ ತಲೆಯ ಮೇಲೆ ಎತ್ವ ಕೂರಿಸಿದೆ. ಮಾರನೆಯ ದಿನ ಫೋನು: “ನೆನ್ನೆ ಬಂದ ಮಳೆನ ನಿನ್ನ ಯಂತ್ರ ಇಂದ್‌ಗೆ ಬರೆದುಟ್ಟು! ಇಂದ್ ಲಾಯ್ಕ್ ಬಿಸಿಲ್ ಉಟ್ಟಲ್ಲ!” ಹೌದಲ್ಲ! ಬೆಳಿಗ್ಗೆ ಅಳೆಯುವ ನೀರು ಹಿಂದಿನ ದಿನದ್ದು. ಮಳೆ ಪುಸ್ತಕ ಇಟ್ಟ ಯಾರಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ, ಕಂಪ್ಯೂಟರ್ ಟೀಚರಿಗೆ ಮಾತ್ರ ಹೊಳೆಯಲಿಲ್ಲ. ಅದನ್ನೂ ತಿದ್ದಿದೆ. ಆಮೇಲೆ ಲೋಟದ ತಕರಾರು. ಅವಳ ಲೋಟ ಹಿಡಿಯುವುದೇ ಅರ್ಧ ಇಂಚು. ಜೋರು ಮಳೆಯ ದಿನ ಎಂಟು ಹತ್ತು ಸಲ ಅಳೆದು ಚೆಲ್ಲಬೇಕು. ತುಂಬಿದ ಲೋಟಕ್ಕೊಂದು ಕಾಫಿ ಬೀಜವನ್ನು ಸೆರಗಿಗೆ ಹಾಕಿಕೊಂಡು ಲೆಕ್ಕ ಇಡುವುದು ಅವಳ ಪದ್ಧತಿ. ಆದ್ದರಿಂದ ‘ಇಂಚು’ ಗುಂಡಿಯನ್ನು ತೆಗೆದು ‘ಲೋಟ’ ಗುಂಡಿ ಮಾಡಿದೆ. ಒಂದು ಲೋಟಕ್ಕೆ ಒಂದು ಒತ್ತು, ಕೂಡಿಸುವ ಕೆಲಸ ಯಂತ್ರದ್ದು. ಆದರೂ ಅವಳು ಬೀಜ ಬಿಡಲಿಲ್ಲ. ಯಂತ್ರ ತಪ್ಪಿದರೆ ಎಂದು.

ದೊಡ್ಡ ಜಗಳ ಆದದ್ದು ಅವಳು ಕಣ್ಣಿನ ಪೊರೆ ತೆಗೆಸಲು ಮೈಸೂರಿಗೆ ಹೋಗಿ ಬಂದಾಗ. ಕಣ್ಣಿನ ಹಿಂದಿನ ನರವೇ ಸೋತಿದೆ, ಇನ್ನು ಇಷ್ಟೇ ಎಂದರಂತೆ ಡಾಕ್ಟರು. ಅವಳು ಅದರ ಮಾತೇ ಎತ್ತಲಿಲ್ಲ. ಎತ್ತಿದ್ದು ಇದು:

“ನಾ ಇಲ್ಲದ ನಾಕ್ ದಿನಕ್ಕೆ ನಿನ್ನ ಯಂತ್ರ ಎಂತ ಬರೆದುಟ್ಟು?”

“ಏನೂ ಒತ್ತದಿದ್ದರೆ ಸೊನ್ನೆ ಅಂತ ಇಟ್ಟುಕೊಳ್ಳುತ್ತದೆ ದೊಡ್ಡವ್ವ.”

“ಸೊನ್ನೆ ಅಂತ ಹೇಳಿಕೆ ಯಾರ್ ಹೋಗಿ ನೋಡಿದ್?” ಅವಳ ದನಿ ಏರಿತು. “ಹೋಗಿ ನೋಡಿ ಇಲ್ಲೆ ಅಂತ ಹೇಳದು ಬೇರೆ. ನೋಡದೆ ಇಲ್ಲೆ ಅಂತ ಹೇಳದು ಸುಳ್ಳ್. ನಂಗೆ ಇನ್ನೊಂದ್ ಗುಂಡಿ ಬೊಕು.”

ನಾನು ಇಷ್ಟು ವರ್ಷ ಮಕ್ಕಳಿಗೆ ಸೊನ್ನೆಗೂ ಖಾಲಿಗೂ ವ್ಯತ್ಯಾಸವಿದೆ ಎಂದು ಬೋರ್ಡಿನ ಮೇಲೆ ಬರೆದು ಬರೆದು ಹೇಳಿದವಳು. ತಲೆ ತಗ್ಗಿಸಿ ಮನೆಗೆ ಬಂದು ನಾಲ್ಕನೆಯ ಗುಂಡಿಗೆ ‘ಗೊತ್ತಿಲ್ಲೆ’ ಎಂದು ಚುಕ್ಕಿ ಇಟ್ಟೆ. ಆ ‘ಗೊ’ ಒಂದಕ್ಕೇ ಅರ್ಧ ದಿನ ಹಿಡಿಯಿತು.

ಆಮೇಲೆ ಎಲ್ಲ ಸಲೀಸಾಯಿತು. ದಿನಕ್ಕೆರಡು ನಿಮಿಷ ಹಚ್ಚಿದರೆ ಎರಡು ಸೆಲ್ಲಿನಲ್ಲಿ ನಾಲ್ಕು ತಿಂಗಳು ಓಡುತ್ತಿತ್ತು. ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟು ಹೋದಾಗ ಇಡೀ ಮನೆಯ ಫೋನುಗಳು ಸತ್ತು ಮಲಗಿದರೆ ದೊಡ್ಡವ್ವನ ಯಂತ್ರ ಮಾತ್ರ ಎದ್ದಿರುತ್ತಿತ್ತು. ಎರಡು ವರ್ಷ, ಸೆಪ್ಟೆಂಬರಿನಲ್ಲಿ ಬರುವ ಕೈಲ್ ಮುಹೂರ್ತ ಹಬ್ಬದ ಊಟಕ್ಕೆ ಸುತ್ತಿನವರೆಲ್ಲ ಬಂದಾಗ, ವಾಡಿಕೆಯಂತೆ ಕಡುಬಿಗೆ ಕೈ ಹಾಕುವ ಮೊದಲು “ಈ ಸಲ ಎಷ್ಟು ದೇವಕಿಯಕ್ಕ?” ಎಂದು ಕೇಳಿದರು, ಅವಳು ಯಂತ್ರವನ್ನು ಕಣ್ಣಿಗೆ ಹಿಡಿದು ಮಳೆಗಾಲದ ಮೊತ್ತವನ್ನು ಓದಿ ಹೇಳಿದಳು. ನಾನು ಬಾಗಿಲಲ್ಲಿ ನಿಂತು ನಮ್ಮ ಮನೆಯವರ ಮುಖ ನೋಡಿದೆ. ಎಮ್ಮೆ ಎದ್ದು ಹಾಲು ಕೊಟ್ಟಿತ್ತಲ್ಲ!

ಈ ವರ್ಷ ಮಳೆ ಹಿಡಿಯುವ ಮೊದಲು ಪ್ರಸನ್ನ ಹವಾಮಾನದ ಹೊಸ ಯಂತ್ರ ತರಿಸಿದ. ಬಿಳಿ ಕಂಬ, ತಿರುಗುವ ಬಟ್ಟಲು, ಸೋಲಾರು. ತಾನೇ ಮಳೆ ಅಳೆದು ತಾನೇ ಎಲ್ಲೋ ದೂರಕ್ಕೆ ಕಳಿಸುತ್ತದಂತೆ, ಫೋನಿನಲ್ಲಿ ನೋಡಿಕೊಳ್ಳುವುದು ಮಾತ್ರ ಕೆಲಸವಂತೆ. “ಅಕ್ಕ, ಇನ್ ಅವ್ವ ಮಳೆಲಿ ನೆನೆಯದು ಬೊಡ” ಎಂದು ಫೋನಿನಲ್ಲಿ ಹೇಳಿದ. ಒಳ್ಳೆಯದಾಯಿತು, ಎರಡೂ ಇರಲಿ ಎಂದೆ. ನನಗೆ ಮಂಡಿನೋವು, ಮಳೆಗಾಲವೆಲ್ಲ ಅತ್ತ ಹೋಗಲಾಗಲಿಲ್ಲ. ಆಗಾಗ ದೊಡ್ಡವ್ವನಿಗೆ ಫೋನ್ ಮಾಡಿ ದಿನಾ ಒತ್ತುತ್ತೀಯಾ ಎಂದು ಕೇಳುತ್ತಿದ್ದೆ. “ಒಂದ್ ದಿನ ಬಿಟ್ಟಿಲ್ಲೆ” ಎನ್ನುತ್ತಿದ್ದಳು. ನಾನು ಫೋನಿಟ್ಟು ನಮ್ಮ ಮನೆಯವರಿಗೆ ಕೇಳಿಸುವ ಹಾಗೆ, ನನ್ನ ಪ್ರೋಗ್ರಾಂ ಒಂದು ದಿನ ಕೈಕೊಟ್ಟಿಲ್ಲ ಎಂದು ಜಂಬ ಕೊಚ್ಚುತ್ತಿದ್ದೆ.

ಕೈಲ್ ಮುಹೂರ್ತಕ್ಕೆ ಎರಡು ದಿನವಿರುವಾಗ ಪ್ರಸನ್ನನ ಫೋನು ಬಂತು. ದನಿ ಇಳಿದಿತ್ತು. ಹವಾಮಾನದ ಯಂತ್ರ ಮಾರಿದ ಕಂಪನಿ ಬಾಗಿಲು ಹಾಕಿದೆ. ಫೋನಿನ ಆ್ಯಪು ತೆರೆದರೆ ಬಿಳಿ ಹಾಳೆ. ಮೂರು ತಿಂಗಳ ಮಳೆ ಅವರ ಹತ್ತಿರವೇ ಇತ್ತು, ಅದೂ ಹೋಯಿತು. ಅಂದರೆ ಅದೂ ಸ್ಟಾಪ್ ಆಯಿತು! ನನಗೆ ಒಳಗೊಳಗೆ ಎಷ್ಟು ಖುಷಿಯಾಯಿತೆಂದರೆ ಹೇಳಬಾರದು. “ಅವ್ವನ ಯಂತ್ರಲಿ ಉಟ್ಟಲ್ಲ ಅಕ್ಕ, ನೀ ಬಂದ್ ತೆಗೆದ್ ಕೊಡೊಕು” ಎಂದ. ಮಂಡಿಗೆ ಎಣ್ಣೆ ತಿಕ್ಕಿಕೊಂಡು, ವಯರು, ಲ್ಯಾಪ್‌ಟಾಪು, ಜಂಬ ಮೂರನ್ನೂ ಹೊತ್ತು ಮರುದಿನವೇ ಹೋದೆ.

ಮನೆಯ ಜಗಲಿಯಲ್ಲಿ ಪ್ರಸನ್ನ ನನ್ನ ಪಕ್ಕ ಕೂತ. ದೊಡ್ಡವ್ವ ಎದುರಿಗೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು, ಬೆರಳಲ್ಲಿ ತಡವಿಯೇ. ನಾನು ವಯರು ಸಿಕ್ಕಿಸಿ ಜೂನ್ ತಿಂಗಳನ್ನು ತೆರೆದೆ.

ಗೊತ್ತಿಲ್ಲೆ. ಗೊತ್ತಿಲ್ಲೆ. ಗೊತ್ತಿಲ್ಲೆ.

ಜುಲೈ ತೆರೆದೆ, ಆಗಸ್ಟ್ ತೆರೆದೆ. ಉದ್ದಕ್ಕೂ ಅದೇ. ಪಕ್ಕದಲ್ಲಿ ಯಂತ್ರ ತಾನೇ ಬರೆದಿಟ್ಟ ಹೊತ್ತು: ಬೆಳಿಗ್ಗೆ ಆರೂ ಐವತ್ತು, ಆರೂ ಐವತ್ತೆರಡು, ಆರೂ ನಲವತ್ತೊಂಬತ್ತು. ಒಂದು ದಿನವೂ ತಪ್ಪಿರಲಿಲ್ಲ.

ಪ್ರೋಗ್ರಾಂ ಕೆಟ್ಟಿದೆ ಎಂದೇ ನಾನು ಅಂದುಕೊಂಡೆ. “ದೊಡ್ಡವ್ವ, ಗುಂಡಿ ತಪ್ಪಿ ಒತ್ತಿದೆಯಾ?”

“ಇಲ್ಲೆ. ಸರಿಯಾಗಿಯೇ ಒತ್ತಿದ್ದ್” ಎಂದಳು, ಅಕ್ಕಿಯಿಂದ ಕೈ ತೆಗೆಯದೆ. “ದಿನಾ ಹೋಗಿ ನೋಡಿದೆ. ಕಂಬ ಉಟ್ಟು, ಡಬ್ಬಿ ಇಲ್ಲೆ. ಮಳೆ ಬಂದದ್ ಗೊತ್ತುಟ್ಟು, ಎಷ್ಟ್ ಅಂತ ಗೊತ್ತಿಲ್ಲೆ.”

ನಾನು ಪ್ರಸನ್ನನ ಮುಖ ನೋಡಿದೆ. ಅವನು ನೆಲ ನೋಡಿದ. ಎರಡು ಅಳತೆ ಯಾಕೆ, ಅವ್ವ ಜಾರಿ ಬಿದ್ದರೆ ಎಂದು ಹೊಸ ಯಂತ್ರ ನಿಲ್ಲಿಸಿದ ದಿನವೇ ಹಳೆಯ ಡಬ್ಬಿ ಬಿಚ್ಚಿ ಗೋಡೌನಿಗೆ ಹಾಕಿದ್ದನಂತೆ. ಅವ್ವನನ್ನು ಕೇಳಿರಲಿಲ್ಲ. ಹೇಳಿಯೂ ಇರಲಿಲ್ಲ. ಬೆಳಿಗ್ಗೆ ಅವಳು ಛತ್ರಿ ಹಿಡಿದು ಹೊರಗೆ ಹೋಗುವುದನ್ನು ಮನೆಯವರೆಲ್ಲ ನೋಡುತ್ತಿದ್ದರು, ಅಭ್ಯಾಸಬಲ ಎಂದುಕೊಂಡರು. ಕಾಣದ ಕಣ್ಣಿನ ಮುದುಕಿ, ಆ ಜಡಿಮಳೆಯಲ್ಲಿ ಬರಿಗಂಬದ ಹತ್ತಿರ ಹೋಗಿ, ಕೈಯಿಂದ ತಡವಿ ನೋಡಿ, ಸೆರಗಿನೊಳಗಿನ ಯಂತ್ರ ತೆಗೆದು ಒಂದೇ ಗುಂಡಿ ಒತ್ತಿ ಬರುತ್ತಿದ್ದಳು. ನಾನು ಊರಿನಲ್ಲಿ ಕೂತು ಜಂಬ ಕೊಚ್ಚುತ್ತಿದ್ದೆ. ಮಳೆ ಎಷ್ಟು ಬಂತು ಎಂದು ಒಂದೇ ಒಂದು ದಿನ ನಾನು ಕೇಳಿರಲಿಲ್ಲ. ಯಂತ್ರ ಹೇಗಿದೆ ಎಂದೇ ಕೇಳಿದ್ದು. ಕೋಪ ಬಂತು; ಪ್ರಸನ್ನನ ಮೇಲೆ ಬಂದದ್ದರಲ್ಲಿ ಮುಕ್ಕಾಲು ಪಾಲು ನನ್ನ ಮೇಲೆ ತಿರುಗಿತು.

“ಅವ್ವಾ,” ಎಂದ ಪ್ರಸನ್ನ ಮೆಲ್ಲಗೆ, “ನಾಳೆ ಊಟಕ್ಕೆ ಎಲ್ಲವೂ ಬಂದ್ ಕೇಳುವೊ. ನೂರಿಪ್ಪತ್ ಇಂಚ್ ಅಂತ ಹೇಳು. ಸುಮಾರ್ ಅಷ್ಟೇ ಬಂದುಟ್ಟು. ಯಾರಿಗೆ ಗೊತ್ತಾದೆ?”

“ನಂಗೆ ಗೊತ್ತಾದೆ” ಎಂದಳು ದೊಡ್ಡವ್ವ.

ಅವಳು ಬಯ್ಯಲಿಲ್ಲ. ಹಿಂದೆ ನನ್ನನ್ನೂ ಬಯ್ದಿರಲಿಲ್ಲ.

ಹಬ್ಬದ ದಿನ ಸುತ್ತಿನವರೆಲ್ಲ ಬಂದರು. ಕಡುಬಿನ ಹಬೆಯ ನಡುವೆ ಯಾರೋ ಎಂದಿನಂತೆ ಕೇಳಿದರು, “ಈ ಸಲ ಎಷ್ಟು ದೇವಕಿಯಕ್ಕ?” ದೊಡ್ಡವ್ವ ನೆಟ್ಟಗೆ ಕೂತು, “ಈ ಸಲ ಗೊತ್ತಿಲ್ಲೆ” ಎಂದಳು. ಯಾಕೆ ಎಂದು ಯಾರೂ ಕೇಳಲಿಲ್ಲ. ಬಡಿಸುತ್ತಿದ್ದ ಪ್ರಸನ್ನ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಹೊರಗೆ ಹೋದ. ಊಟ ಮುಗಿಸಿ ಕೈ ತೊಳೆಯಲು ಬಂದಾಗ ನೋಡುತ್ತೇನೆ, ಹಬ್ಬದ ಬಿಳಿ ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಕಲ್ಲುಕಂಬದ ಮೇಲೆ ಹಳೆಯ ಡಬ್ಬಿ ಕೂರಿಸಿ ಬೋಲ್ಟು ಬಿಗಿಯುತ್ತಿದ್ದ. ಎದುರಿಗೆ ಆ ಬಿಳಿ ಯಂತ್ರದ ಬಟ್ಟಲು ಯಾರಿಗೂ ಏನೂ ಕಳಿಸದೆ ಸುಮ್ಮನೆ ತಿರುಗುತ್ತಿತ್ತು.

ನಾನು ಆ ದಿನ ಅಲ್ಲೇ ಉಳಿದೆ. ಬೆಳಿಗ್ಗೆ ಆರೂ ಐವತ್ತಕ್ಕೆ ದೊಡ್ಡವ್ವ ಹೊರಟಾಗ ಮಂಡಿ ಹಿಡಿದುಕೊಂಡು ನಾನೂ ಹಿಂದೆ ಹೋದೆ. ಮೋಡ ಬಿಚ್ಚಿ ಬಿಸಿಲು ಬಿದ್ದಿತ್ತು. ಅವಳು ಕಂಬವನ್ನು ತಡವಿದಳು. ಡಬ್ಬಿ ಕೈಗೆ ಸಿಕ್ಕಿತು. ಅದರ ಅಂಚಿನ ಸುತ್ತ ಒಂದು ಸಲ ಬೆರಳಾಡಿಸಿದಳು, ಒಳಗಿನ ಬಾಟಲಿಯನ್ನು ಎತ್ತಿ ಲೋಟಕ್ಕೆ ಬಗ್ಗಿಸಿದಳು. ಒಂದು ಹನಿ ಬೀಳಲಿಲ್ಲ. ಮತ್ತೆ ಬಗ್ಗಿಸಿ ನೋಡಿದಳು. ಆಮೇಲೆ ಸೆರಗಿನಿಂದ ಯಂತ್ರ ತೆಗೆದು, ಆ ಫೋನು ಬೆರಳೆಂದೇ ಒಪ್ಪದಿದ್ದ ಅದೇ ಬೆರಳಿನಿಂದ ಗುಂಡಿಯನ್ನು ಗಟ್ಟಿಯಾಗಿ ಒತ್ತಿ, ನನ್ನ ಕಡೆ ತಿರುಗಿದಳು. ಮುಖ ಊರಗಲ.

“ಇಲ್ಲೆ!” ಎಂದಳು.